ಮುಖ ಕಾಣುವಷ್ಟು ಬೆಳಕು

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ‘ಬರ್ಗ್ಲರಿ’ ಎಂಬ ಅಪರಾಧ ಸಾಬೀತಾಗಬೇಕಾದರೆ ಅದು ರಾತ್ರಿ ನಡೆದಿರಬೇಕಿತ್ತು. ದುರುದ್ದೇಶದಿಂದ ಮನೆ ಮುರಿದು ಒಳಹೊಕ್ಕರಷ್ಟೇ ಸಾಲದು, ಆ ಹೊತ್ತಿಗೆ ಕತ್ತಲಾಗಿರಬೇಕು. ಈ ಅಪರಾಧಕ್ಕೆ ಗಲ್ಲುಶಿಕ್ಷೆ ಇದ್ದುದರಿಂದ ಎಷ್ಟು ಕತ್ತಲಾದರೆ ರಾತ್ರಿ ಎಂಬುದು ಆರೋಪಿಯ ಪ್ರಾಣದ ಪ್ರಶ್ನೆಯೇ ಆಗಿತ್ತು. 1769ರಲ್ಲಿ ಹೊರಬಂದ ತನ್ನ ‘ಕಾಮೆಂಟರೀಸ್’ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟೋನ್, ತನಗಿಂತ ಹಿಂದಿನ ನ್ಯಾಯಕೋವಿದರು ಒಪ್ಪಿದ್ದ ಒಂದು ಸರಳ ಒರೆಗಲ್ಲನ್ನು ಮುಂದಿಡುತ್ತಾನೆ. ಸೂರ್ಯ ಮುಳುಗಿದ ಮೇಲಾಗಲಿ ಮೂಡುವ ಮೊದಲಾಗಲಿ, ಎದುರಿಗಿರುವವನ ಮುಖದ ಗುರುತು ಹತ್ತುವಷ್ಟು ಹಗಲಿನ ಬೆಳಕಿದ್ದರೆ ಅದು ಬರ್ಗ್ಲರಿಯಲ್ಲ. ಗುರುತು ಹತ್ತದಿದ್ದರೆ ಬರ್ಗ್ಲರಿ. ಇದಕ್ಕೆ ಅವನು ಇನ್ನೊಂದು ಮಾತು ಸೇರಿಸುತ್ತಾನೆ. ಹುಣ್ಣಿಮೆಯ ಬೆಳದಿಂಗಳಲ್ಲಿ ಮುಖ ಎಷ್ಟೇ ನಿಚ್ಚಳವಾಗಿ ಕಂಡರೂ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಹಿಡಿದರೆ ನಡುರಾತ್ರಿಯ ಎಷ್ಟೋ ಕನ್ನಗಳಿಗೆ ಶಿಕ್ಷೆಯೇ ಇಲ್ಲದಂತಾಗುತ್ತದೆ. ಈ ಅಪರಾಧದ ಕೇಡು ಕತ್ತಲಿಗಿಂತ ಹೆಚ್ಚಾಗಿ, ಊರೆಲ್ಲ ಮೈಮರೆತು ಮಲಗಿರುವ ಹೊತ್ತನ್ನು ಕಳ್ಳ ಆರಿಸಿಕೊಳ್ಳುವುದರಲ್ಲಿದೆ ಎಂಬುದು ಅವನ ಸಮರ್ಥನೆ.

ಮಸುಕು ಬೆಳಕನ್ನು ವರ್ಣಿಸುವ ಇಂಗ್ಲಿಷ್ ಮಾತುಗಳೆಂದರೆ ನಮಗೆ ಮೊದಲು ನೆನಪಾಗುವುದು ಶಾಲೆಯಲ್ಲಿ ಓದಿದ ಪದ್ಯಗಳು. ಟ್ವೈಲೈಟ್, ಗ್ಲಿಮರ್, ಡಸ್ಕ್ ಮುಂತಾದವು ಕವಿಗಳ ಸೊತ್ತು ಎಂದೇ ನಾವು ತಿಳಿದಿದ್ದೇವೆ. ಆದರೆ ಅದೇ ದೇಶದ ಕೋರ್ಟು, ಕಾರ್ಖಾನೆ, ಓಣಿಗಳಲ್ಲಿ ಇಂಥ ಮಾತುಗಳಿಗೆ ಬೇರೊಂದು ಬದುಕೂ ಇತ್ತು. ಕೂಲಿಯವನು ಎಷ್ಟು ಹೊತ್ತಿಗೆ ಕೆಲಸಕ್ಕೆ ಬರಬೇಕು, ಪಕ್ಕದವನು ಎಷ್ಟು ಎತ್ತರ ಗೋಡೆ ಕಟ್ಟಬಹುದು, ಕಳ್ಳನಿಗೆ ಎಂಥ ಶಿಕ್ಷೆ ಎಂಬ ಜಗಳಗಳನ್ನು ತೀರಿಸುವುದಕ್ಕೆ ಇಂಗ್ಲಿಷರು ಸುಮಾರು ಆರು ಶತಮಾನ ಕಾಲ ಅತ್ಯಲ್ಪ ಬೆಳಕನ್ನು ಮಾತಿನಲ್ಲಿ ಅಳೆದರು. ಆ ಅಳತೆಗಳೆಲ್ಲ ಒಂದೇ ಜಾತಿಯವು. ಬೆಳಕು ಎಷ್ಟಿದೆ ಎಂದು ಅವು ಕೇಳುವುದಿಲ್ಲ, ಆ ಬೆಳಕಿನಲ್ಲಿ ಮನುಷ್ಯನ ಕಣ್ಣು ಯಾವ ಕೆಲಸ ಮಾಡಬಲ್ಲದು ಎಂದು ಕೇಳುತ್ತವೆ. ಮುಂದೆ ಗಡಿಯಾರ, ದೀಪಮಾಪಕ, ಶೇಕಡಾವಾರು ಲೆಕ್ಕ ಎಲ್ಲ ಬಂದವು. ಬಂದರೂ ಆ ಹಳೆಯ ಪ್ರಶ್ನೆ ಹೋಗಲಿಲ್ಲ, ಅಂಕಿಯ ಒಳಗೇ ಉಳಿದುಕೊಂಡಿತು ಎಂಬುದನ್ನು ಈ ಇತಿಹಾಸ ತೋರಿಸುತ್ತದೆ.

ಮೊದಲು ದುಡಿಮೆಯ ಕಡೆಯಿಂದ ನೋಡೋಣ. 1345ರಲ್ಲಿ ಲಂಡನ್ನಿನ ಲಾಳಮುಳ್ಳು ಮಾಡುವವರು, ಅಂದರೆ ಕುದುರೆ ಸವಾರನ ಹಿಮ್ಮಡಿಯ ಮುಳ್ಳುಕಡ್ಡಿ ತಯಾರಿಸುವ ಕಮ್ಮಾರರು, ತಮ್ಮ ಕಸುಬಿಗೆ ಕಟ್ಟಳೆ ಹಾಕಿಕೊಂಡರು. ಬೆಳಗಾದಾಗಿನಿಂದ ಸೇಂಟ್ ಸೆಪಲ್ಕರ್ ಚರ್ಚಿನ ರಾತ್ರಿಗಂಟೆ ಬಾರಿಸುವವರೆಗೆ ಮಾತ್ರ ಕೆಲಸ, ಆಮೇಲೆ ಯಾರೂ ಕುಲುಮೆ ಹಚ್ಚಬಾರದು. ಕೆಲವರು ಹಗಲೆಲ್ಲ ಅಲೆದಾಡಿ ರಾತ್ರಿ ಕುಡಿದು ಬಂದು ತಿದಿ ಒತ್ತುತ್ತಾರೆ, ಕಿಡಿ ಹಾರಿ ನೆರೆಹೊರೆಗೆ ಅಪಾಯ ಎಂಬ ದೂರು ಆ ಕಟ್ಟಳೆಯಲ್ಲೇ ಇದೆ. ಎರಡು ವರ್ಷದ ಬಳಿಕ ಟೋಪಿ ಮಾಡುವವರು ಇನ್ನೂ ಸ್ಪಷ್ಟವಾಗಿ ಹೇಳಿದರು: ಸ್ವಚ್ಛ ಹಗಲಿನ ಬೆಳಕಿನಲ್ಲೇ ಕೆಲಸ ನಡೆಯಬೇಕು, ಮೇಲ್ವಿಚಾರಕರು ಬಂದು ಮಾಲನ್ನು ಕಣ್ಣಾರೆ ಪರೀಕ್ಷಿಸುವಂತಿರಬೇಕು. ಇಲ್ಲಿ ಬೆಳಕಿನ ಅಳತೆಯು ಮಾಲು ಮಾಡುವವನ ಕಣ್ಣಿಗೆ ಮಾತ್ರವಲ್ಲ, ಕೊಳ್ಳುವವನ ಪರವಾಗಿ ನೋಡುವವನ ಕಣ್ಣಿಗೂ ಸಂಬಂಧಪಟ್ಟದ್ದು. ಹೊಲಿಗೆ ಬಿಟ್ಟಿದೆಯೇ, ಹಳೆಯ ಉಣ್ಣೆ ಬೆರೆಸಿದ್ದಾರೆಯೇ ಎಂದು ಕಾಣದ ಬೆಳಕು ಆ ಕಸುಬಿನ ಮಟ್ಟಿಗೆ ಕತ್ತಲೆಯೇ.

1563ರಲ್ಲಿ ಎಲಿಜಬೆತ್ ರಾಣಿಯ ಪಾರ್ಲಿಮೆಂಟು ಹೊರಡಿಸಿದ ಕುಶಲಕರ್ಮಿಗಳ ಕಾಯ್ದೆ ಇದಕ್ಕಿಂತ ಹೆಚ್ಚು ಹೇಳುತ್ತದೆ. ದಿನಗೂಲಿ, ವಾರಗೂಲಿ ಆಳುಗಳ ಕೆಲಸದ ಹೊತ್ತನ್ನು ಅದು ಎರಡು ಬಗೆಯಲ್ಲಿ ನಿಗದಿ ಮಾಡಿತು. ಮಾರ್ಚ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಬೆಳಿಗ್ಗೆ 5 ಗಂಟೆಗೆ ಅಥವಾ ಅದಕ್ಕೂ ಮೊದಲು ಶುರು, ಸಂಜೆ 7 ಮತ್ತು 8ರ ನಡುವೆ ಮುಕ್ತಾಯ, ಊಟತಿಂಡಿಗೆ ಎಲ್ಲ ಸೇರಿ ಎರಡೂವರೆ ಗಂಟೆ ಬಿಡುವು. ಉಳಿದ ಆರು ತಿಂಗಳಿಗೆ ಕಾಯ್ದೆ ಗಡಿಯಾರದ ಮಾತೇ ಎತ್ತುವುದಿಲ್ಲ. ‘ಸ್ಪ್ರಿಂಗ್ ಆಫ್ ದ ಡೇ’, ಅಂದರೆ ಬೆಳಕು ಚಿಮ್ಮುವ ಹೊತ್ತಿನಿಂದ ಅದೇ ದಿನದ ಇರುಳಿನವರೆಗೆ ಎಂದಷ್ಟೇ ಹೇಳುತ್ತದೆ. ತಪ್ಪಿಸಿಕೊಂಡ ಪ್ರತಿ ಗಂಟೆಗೆ ಒಂದು ಪೆನ್ನಿ ಕೂಲಿ ಕಡಿತ. ಬೆಳಕು ಧಾರಾಳವಾಗಿರುವ ಬೇಸಿಗೆಯಲ್ಲಿ ಕಾನೂನಿಗೆ ಗಂಟೆಯ ಲೆಕ್ಕ ಸಾಕಾಯಿತು, ಬೆಳಕು ಕಿರಿದಾದ ಚಳಿಗಾಲದಲ್ಲಿ ಮಾತಿನ ಅಳತೆಗೆ ಅದು ಹಿಂತಿರುಗಿತು. ಕಾರಣ ಊಹಿಸುವುದು ಕಷ್ಟವಲ್ಲ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಅಂಥ ದಿನಗಳಲ್ಲಿ ನಸುಕಿನ ಅರ್ಧ ಗಂಟೆಯನ್ನೂ ಬಿಡಲು ಯಜಮಾನ ಸಿದ್ಧನಿರಲಿಲ್ಲ, ಬರೀ ಗಂಟೆಯ ಲೆಕ್ಕ ಇಟ್ಟರೆ ಮೋಡ ಕವಿದ ದಿನ ಆಳು ಕತ್ತಲಲ್ಲಿ ಕೈಕಟ್ಟಿ ಕೂರಬೇಕಾಗುತ್ತಿತ್ತು. ವಸ್ತು ಹೇರಳವಾಗಿದ್ದಾಗ ಅಂದಾಜು ನಡೆಯುತ್ತದೆ, ವಿರಳವಾದಾಗಲೇ ಅದಕ್ಕೆ ಸೂಕ್ಷ್ಮ ಅಳತೆ ಬೇಕಾಗುತ್ತದೆ.

ಇದಕ್ಕೊಂದು ಆಕ್ಷೇಪ ಸಹಜವಾಗಿಯೇ ಬರುತ್ತದೆ. ಇಂಗ್ಲೆಂಡಿನಲ್ಲಿ ಮಸುಕು ಬೆಳಕಿಗೆ ಅಷ್ಟೊಂದು ಮಾತುಗಳಿರುವುದು ಆ ದೇಶ ಇರುವ ಜಾಗದಿಂದ, ಇದರಲ್ಲಿ ಜಗಳ ವ್ಯಾಜ್ಯಗಳ ಪಾತ್ರವೇನು ಎಂದು ಕೇಳಬಹುದು. ಅದು ಸ್ವಲ್ಪ ಮಟ್ಟಿಗೆ ನಿಜ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಸಂಜೆಬೆಳಕು ಬೆಂಗಳೂರಿನಲ್ಲಿ ವರ್ಷವಿಡೀ 22 ನಿಮಿಷದ ಆಸುಪಾಸು. ಲಂಡನ್ನಿನಲ್ಲಿ ಅದು ಅರ್ಧ ಗಂಟೆ ದಾಟುತ್ತದೆ, ಜೂನ್ ತಿಂಗಳಲ್ಲಿ ಮುಕ್ಕಾಲು ಗಂಟೆಗೂ ಮೀರುತ್ತದೆ. ನಡುಬೇಸಿಗೆಯ ಕೆಲವು ವಾರ ಅಲ್ಲಿ ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲ. ಇಷ್ಟು ಉದ್ದದ ಮುಸ್ಸಂಜೆಯ ಕೆಳಗೆ ಬಾಳುವವರು ಅದರ ಬಗ್ಗೆ ಹೆಚ್ಚು ಮಾತಾಡುವುದು ಸಹಜ. ಆದರೆ ಅಕ್ಷಾಂಶವು ಸಂಜೆಯನ್ನು ಹಿಗ್ಗಿಸಬಲ್ಲದು, ಅದರ ನಡುವೆ ಗೆರೆ ಎಳೆಯಲಾರದು. ಕವಿಗೆ ಆ ಗೆರೆಯ ಹಂಗಿಲ್ಲ, ಹಗಲು ಇರುಳು ಬೆರೆಯುವುದೇ ಅವನಿಗೆ ಬೇಕಾದದ್ದು. ಗೆರೆ ಬೇಕಾದದ್ದು ನ್ಯಾಯಾಧೀಶನಿಗೆ, ಯಜಮಾನನಿಗೆ, ಹಡಗಿನವನಿಗೆ. ನಾವಿಕರ ಲೆಕ್ಕದ ‘ನಾಟಿಕಲ್ ಟ್ವೈಲೈಟ್’ ಇಂದು ಪಂಚಾಂಗದಲ್ಲಿ 12 ಡಿಗ್ರಿ ಎಂದಿದ್ದರೂ, ಅದರ ಹಿಂದಿರುವುದು ಕಡಲಿನ ಅಂಚೂ ನಕ್ಷತ್ರವೂ ಒಟ್ಟಿಗೆ ಕಂಡು ಸೆಕ್ಸ್‌ಟಂಟ್ ಹಿಡಿಯಲು ಅನುವಾಗುವ ಹೊತ್ತು. ಅಲ್ಲಿಯೂ ಕಣ್ಣಿನ ಒಂದು ಕೆಲಸವೇ ಅಳತೆಗೋಲು.

ಬರ್ಗ್ಲರಿಯ ಕಾನೂನಿಗೆ ಮರಳಿದರೆ, ಮಾತಿನ ಅಳತೆಯನ್ನು ಕೈಬಿಟ್ಟಾಗ ಏನಾಗುತ್ತದೆ ಎಂಬುದೂ ಕಾಣುತ್ತದೆ. ಸಾಕ್ಷಿ ಹೇಳುವವರು ಮುಖ ಕಂಡಿತು, ಕಾಣಲಿಲ್ಲ ಎಂದು ಎಳೆದಾಡುವುದು ಬೇಡವೆಂದು 1837ರ ಕಾಯ್ದೆ ರಾತ್ರಿಯನ್ನು 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಎಂದು ಗೊತ್ತು ಮಾಡಿತು. ಅನುಮಾನಕ್ಕೆ ಎಡೆಯೇ ಇಲ್ಲದ ಅಳತೆ, ನಿಜ. ಆದರೆ ಡಿಸೆಂಬರಿನಲ್ಲಿ ಸಂಜೆ ಐದು ಗಂಟೆಗೆ ಗವ್ವೆನ್ನುವ ಕತ್ತಲಲ್ಲಿ ಬಾಗಿಲು ಮುರಿದವನು ಕಾನೂನಿನ ಪ್ರಕಾರ ಹಗಲುಗಳ್ಳನಾದ. ಜೂನ್ ತಿಂಗಳಲ್ಲಿ ಬೆಳಗಿನ ನಾಲ್ಕೂವರೆಗೆ ಬಿಸಿಲು ಬಿದ್ದಿರುವಾಗ ನುಗ್ಗಿದವನು ರಾತ್ರಿಗಳ್ಳನಾದ. ಇದಕ್ಕೂ ಒಂಬತ್ತು ವರ್ಷ ಮೊದಲು, 1828ರಲ್ಲಿ, ಅದೇ ಪಾರ್ಲಿಮೆಂಟು ಜಮೀನ್ದಾರರ ಕಾಡಿನಲ್ಲಿ ಮೊಲ, ಕಾಡುಕೋಳಿ ಕದಿಯುವವರ ವಿರುದ್ಧ ಮಾಡಿದ ಕಾಯ್ದೆಯಲ್ಲಿ ರಾತ್ರಿ ಶುರುವಾಗುತ್ತಿದ್ದುದು ಸೂರ್ಯ ಮುಳುಗಿ ಒಂದು ಗಂಟೆಯ ಬಳಿಕ. ಒಂದೇ ದೇಶದಲ್ಲಿ ಕಾಡಿಗೊಂದು ರಾತ್ರಿ, ಮನೆಗೊಂದು ರಾತ್ರಿ. ಕಡೆಗೆ 1968ರ ಕಳವು ಕಾಯ್ದೆ ಬರ್ಗ್ಲರಿಗೆ ರಾತ್ರಿಯ ಷರತ್ತನ್ನೇ ತೆಗೆದುಹಾಕಿತು. ಗಡಿಯಾರ ಖಚಿತತೆಯನ್ನು ತಂದಿತು, ಕಾನೂನಿಗೆ ಮೂಲದಲ್ಲಿ ಯಾವುದು ಮುಖ್ಯವಾಗಿತ್ತೋ ಅದನ್ನು ಮಾತ್ರ ಕಳೆದುಕೊಂಡಿತು.

ಈ ವಾದಕ್ಕೆ ಗಟ್ಟಿ ಸಾಕ್ಷ್ಯ ಸಿಗುವುದು ಕಿಟಕಿಗಳ ವ್ಯಾಜ್ಯದಲ್ಲಿ. ಲಂಡನ್ನಿನ ಹಳೆಯ ಓಣಿಗಳಲ್ಲಿ ಕೆಲವು ಕಿಟಕಿಗಳ ಕೆಳಗೆ ‘ಏನ್ಷಿಯಂಟ್ ಲೈಟ್ಸ್’ ಎಂದು ಬರೆದ ಫಲಕ ಈಗಲೂ ಕಾಣಸಿಗುತ್ತದೆ. ಹೊರನಾಡಿನವರಿಗೆ ಅದು ಯಾವುದೋ ಪುರಾತನ ದೀಪದ ಗುರುತು ಎನಿಸಬಹುದು. ಅಸಲಿಗೆ ಅದು ನೆರೆಯವನಿಗೆ ಕೊಟ್ಟ ಎಚ್ಚರಿಕೆ: ಈ ಕಿಟಕಿಗೆ ಬಹುಕಾಲದಿಂದ ಬೆಳಕು ಬರುತ್ತಿದೆ, ಅಡ್ಡ ಕಟ್ಟಿದರೆ ಕೋರ್ಟಿಗೆ ಬರುತ್ತೇವೆ. 1610ರ ಆಲ್ಡ್ರೆಡ್ ಪ್ರಕರಣದಲ್ಲಿ ಮೂಲ ತಕರಾರು ಪಕ್ಕದ ಮನೆಯವನ ಹಂದಿಗೂಡಿನ ನಾತದ್ದಾದರೂ, ನ್ಯಾಯಾಧೀಶರು ಅಲ್ಲಿ ಬೆಳಕಿನ ವಿಚಾರವನ್ನೂ ಎತ್ತಿ ಒಂದು ಮುಖ್ಯ ಭೇದ ಮಾಡಿದರು. ಬೆಳಕು, ಗಾಳಿ ತಡೆದರೆ ದಾವೆ ಹೂಡಬಹುದು, ಕಿಟಕಿಯಿಂದ ಕಾಣುವ ಚೆಲುವಾದ ನೋಟ ಮರೆಯಾದರೆ ಹೂಡುವಂತಿಲ್ಲ. ಮೊದಲನೆಯದು ಅಗತ್ಯ, ಎರಡನೆಯದು ಖುಷಿ. ಕಾನೂನಿನ ಕಣ್ಣು ಮತ್ತು ಕವಿಯ ಕಣ್ಣು ಬೇರೆಯಾದ ಜಾಗವನ್ನು ಬೆರಳಿಟ್ಟು ತೋರಿಸಬೇಕೆಂದರೆ ಇದೇ ಅದು.

ಲಂಡನ್ ನಗರದ ರೂಢಿ ಮಾತ್ರ ಇದಕ್ಕೆ ವಿರುದ್ಧವಾಗಿತ್ತು. ಹಳೆಯ ತಳಪಾಯದ ಮೇಲೆ ಯಾರು ಎಷ್ಟು ಎತ್ತರ ಬೇಕಾದರೂ ಕಟ್ಟಬಹುದು, ಎದುರಿನ ಕಿಟಕಿ ಕತ್ತಲಾದರೆ ಆಗಲಿ ಎಂಬ ಪದ್ಧತಿ ಆ ನಗರದ ಗೋಡೆಯೊಳಗೆ ನಡೆದುಬಂದಿತ್ತು. 1832ರ ಪ್ರಿಸ್ಕ್ರಿಪ್ಷನ್ ಕಾಯ್ದೆ ಆ ರೂಢಿಯನ್ನು ತೊಡೆದುಹಾಕಿತು. ಕಿಟಕಿಯೊಂದು ಅಡ್ಡಿಯಿಲ್ಲದೆ 20 ವರ್ಷ ಬೆಳಕು ಪಡೆದಿದ್ದರೆ ಆ ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆ ಎಂದಿತು. ಅಲ್ಲಿಂದ ಮುಂದೆ 20 ವರ್ಷ ತುಂಬುವ ಮೊದಲೇ ಎದುರಿನವರ ಕಿಟಕಿಗೆ ಅಡ್ಡಲಾಗಿ ಹಲಗೆ ನಿಲ್ಲಿಸಿ ಲೆಕ್ಕ ಮುರಿಯುವ ವಿಚಿತ್ರ ಅಭ್ಯಾಸವೂ ಬೆಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಲಂಡನ್ನಿನ ಎಷ್ಟೋ ಕಟ್ಟಡಗಳು ನೆಲಸಮವಾದಾಗ ಪಕ್ಕದ ಮನೆಗಳಿಗೆ ಹಿಂದೆಂದೂ ಇಲ್ಲದ ಬೆಳಕು ಬಂತು. ಹಾಗೇ ಬಿಟ್ಟರೆ 1960ರ ಹೊತ್ತಿಗೆ ಆ ಬೆಳಕೂ ಹಕ್ಕಾಗಿ, ಬಿದ್ದ ಕಟ್ಟಡವನ್ನು ಅದರ ಜಾಗದಲ್ಲಿ ಮತ್ತೆ ಎಬ್ಬಿಸುವುದೇ ಕಷ್ಟವಾಗುತ್ತಿತ್ತು. 1959ರ ರೈಟ್ಸ್ ಆಫ್ ಲೈಟ್ ಕಾಯ್ದೆ ಬಂದದ್ದು ಇದಕ್ಕಾಗಿ. ಅದು ಅವಧಿಯನ್ನು ತಾತ್ಕಾಲಿಕವಾಗಿ 27 ವರ್ಷಕ್ಕೆ ಏರಿಸಿತು, ನಿಜವಾದ ಹಲಗೆಯ ಬದಲು ಕಾಗದದ ಮೇಲೆ ನೋಂದಾಯಿಸುವ ಕಾಲ್ಪನಿಕ ಹಲಗೆಗೂ ಮಾನ್ಯತೆ ಕೊಟ್ಟಿತು.

ಇಲ್ಲಿ ಕಿಟಕಿ ತೆರಿಗೆಯನ್ನು ನೆನೆಯುವವರು ಇರುತ್ತಾರೆ. 1696ರಿಂದ 1851ರವರೆಗೆ ಇದ್ದ ಆ ತೆರಿಗೆಯಿಂದಲೇ ‘ಡೇಲೈಟ್ ರಾಬರಿ’ ಎಂಬ ಮಾತು ಹುಟ್ಟಿತು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಆ ಮಾತು ಬರಹದಲ್ಲಿ ಕಾಣಿಸಿಕೊಳ್ಳುವುದು 20ನೆಯ ಶತಮಾನದಲ್ಲಿ, ತೆರಿಗೆ ಹೋಗಿ ಎಷ್ಟೋ ದಶಕ ಕಳೆದ ಮೇಲೆ, ಆದ್ದರಿಂದ ಕಥೆಯನ್ನು ನಂಬಲು ಆಧಾರವಿಲ್ಲ. ನಮಗೆ ಉಪಯೋಗಕ್ಕೆ ಬರುವುದು ತೆರಿಗೆಯ ಕ್ರಮ. ಮನೆಗೆ 2 ಷಿಲಿಂಗ್ ಮೂಲ ತೆರಿಗೆ, ಕಿಟಕಿ ಹತ್ತಾದರೆ ಇನ್ನಷ್ಟು, ಇಪ್ಪತ್ತಾದರೆ ಮತ್ತಷ್ಟು. ಅಧಿಕಾರಿ ಬೀದಿಯಲ್ಲಿ ನಿಂತು ಎಣಿಸಿಕೊಂಡು ಹೋಗುತ್ತಿದ್ದ, ಆ ಕಿಟಕಿಯಿಂದ ಒಳಗೆ ಬೆಳಕು ಬರುತ್ತದೋ ಎದುರಿನ ಗೋಡೆ ಕಾಣುತ್ತದೋ ಅವನಿಗೆ ಬೇಕಿರಲಿಲ್ಲ. ಪರಿಣಾಮವಾಗಿ ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು, ಹೊಸ ಮನೆಗಳನ್ನು ಕಡಿಮೆ ಕಿಟಕಿಯಿಟ್ಟು ಕಟ್ಟಿಸಿದರು. ಬೆಳಕಿನ ಬದಲು ಬೆಳಕಿನ ತೂತನ್ನು ಎಣಿಸಿದ ಕಾನೂನು ಮನೆಗಳನ್ನು ಕತ್ತಲು ಮಾಡಿತು. ಒಳಗೆ ಕುಳಿತವನ ಕಣ್ಣಿಗೆ ಏನು ಕಾಣುತ್ತದೆ ಎಂದು ಕೇಳಿದ ಕಾನೂನು ಅದೇ ದೇಶದಲ್ಲಿ ಅದೇ ಕಾಲದಲ್ಲಿ ಕಿಟಕಿಗಳನ್ನು ಕಾಪಾಡಿತು.

ಆ ಪ್ರಶ್ನೆಗೆ ಕೊನೆಯ ರೂಪ ಸಿಕ್ಕಿದ್ದು 1904ರಲ್ಲಿ, ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಹೋಮ್ ಅಂಡ್ ಕಲೋನಿಯಲ್ ಸ್ಟೋರ್ಸ್ ಎಂಬ ದಿನಸಿ ವ್ಯಾಪಾರದ ಕಂಪನಿಯ ಲಂಡನ್ ಕಚೇರಿಗೆ ಎದುರಾಗಿ ಕೋಲ್ಸ್ ಎಂಬುವರು ಕಟ್ಟಡ ಎಬ್ಬಿಸಲು ಹೊರಟಿದ್ದರು. ಕಂಪನಿ ದಾವೆ ಹೂಡಿತು, ಮೊದಲ ಕೋರ್ಟಿನಲ್ಲಿ ಸೋತಿತು, ಮೇಲ್ಮನವಿಯಲ್ಲಿ ಗೆದ್ದಿತು, ಕಡೆಗೆ ಲಾರ್ಡ್ಸ್‌ನಲ್ಲಿ ಮತ್ತೆ ಸೋತಿತು. ಅಲ್ಲಿ ಹೊರಬಿದ್ದ ಸೂತ್ರ ಇಂಗ್ಲಿಷ್ ಕಾನೂನಿನಲ್ಲಿ ಇಂದಿಗೂ ನಿಂತಿದೆ. ಎಷ್ಟು ಬೆಳಕು ಕಿತ್ತುಕೊಂಡರು ಎಂದು ಕೇಳಬೇಡಿ, ಎಷ್ಟು ಉಳಿಯಿತು ಎಂದು ಕೇಳಿ. ಉಳಿದ ಬೆಳಕು ಸಾಮಾನ್ಯ ಜನರ ಎಣಿಕೆಯಂತೆ ಆ ಜಾಗವನ್ನು ನೆಮ್ಮದಿಯಿಂದ ಬಳಸಲು ಸಾಕಾದರೆ ದೂರಿಗೆ ಜಾಗವಿಲ್ಲ. ಆವರೆಗೆ ವಕೀಲರು ಎದುರು ಕಟ್ಟಡದ ತುದಿಯಿಂದ ಕಿಟಕಿಗೆ 45 ಡಿಗ್ರಿ ಕೋನ ಎಳೆದು ಸರಿತಪ್ಪು ಹೇಳುತ್ತಿದ್ದರು. ಕೋನ ಒಂದು ಸುಳಿವಷ್ಟೇ, ಅದು ನಿಯಮವಲ್ಲ ಎಂದು ಲಾರ್ಡ್ಸ್ ಸ್ಪಷ್ಟಪಡಿಸಿತು. ಅಂದರೆ ಜ್ಯಾಮಿತಿಯನ್ನು ಪಕ್ಕಕ್ಕಿಟ್ಟು ‘ನೆಮ್ಮದಿ’, ‘ಸಾಮಾನ್ಯ ಜನ’ ಎಂಬ ಸಡಿಲ ಮಾತುಗಳನ್ನು ಅದು ಬೇಕೆಂದೇ ಎತ್ತಿಕೊಂಡಿತು.

ಸಡಿಲ ಮಾತಿನಿಂದ ತೀರ್ಪು ಬರೆಯುವುದು ಸುಲಭವಲ್ಲ. ಆ ಕೊರತೆಯನ್ನು ತುಂಬಲು ಮುಂದೆ ಬಂದವನು ಪರ್ಸಿ ವಾಲ್ಡ್ರಮ್ ಎಂಬ ಸರ್ವೇಯರ್. ಅವನು ಮೊದಲು ಕಂಡುಹಿಡಿಯಬೇಕಿದ್ದದ್ದು ಮಾಮೂಲಿ ಗುಮಾಸ್ತೆಯ ಕೆಲಸಕ್ಕೆ ಕನಿಷ್ಠ ಎಷ್ಟು ಬೆಳಕು ಬೇಕು ಎಂಬುದನ್ನು. ಕೋಣೆಯಲ್ಲಿ ಕಿಟಕಿಯಿಂದ ಒಳಕ್ಕೆ ಸರಿದಂತೆ ಯಾವ ಜಾಗದಲ್ಲಿ ಮನುಷ್ಯ ‘ಇಲ್ಲಿ ಬೆಳಕು ಸಾಲದು’ ಎಂದು ಗೊಣಗಲು ಶುರುಮಾಡುತ್ತಾನೋ ಆ ಜಾಗಕ್ಕೆ ‘ಗ್ರಂಬಲ್ ಪಾಯಿಂಟ್’ ಎಂಬ ಹೆಸರು ಬಂತು. ಆ ಜಾಗದಲ್ಲಿ ಮೇಜಿನ ಮೇಲೆ ಬೀಳುವ ಬೆಳಕು ಒಂದು ಫುಟ್-ಕ್ಯಾಂಡಲ್, ಅಂದರೆ ಒಂದು ಅಡಿ ದೂರದ ಒಂದು ಮೇಣದಬತ್ತಿ ಕೊಡುವಷ್ಟು. ಇಂದಿನ ಲೆಕ್ಕದಲ್ಲಿ ಸುಮಾರು 10 ಲಕ್ಸ್. ಮೋಡ ಕವಿದ ಇಂಗ್ಲಿಷ್ ಆಕಾಶ ಪೂರ್ತಿ ತೆರೆದ ಬಯಲಿಗೆ 500 ಫುಟ್-ಕ್ಯಾಂಡಲ್ ಕೊಡುತ್ತದೆ ಎಂದು ಹಿಡಿದರೆ ಅದು ಐನೂರರಲ್ಲಿ ಒಂದು ಪಾಲು, ಶೇಕಡಾ 0.2. ಕೋಣೆಯ ಅರ್ಧದಷ್ಟು ಜಾಗಕ್ಕೆ ಈ 0.2 ಸಿಕ್ಕರೆ ಬೆಳಕು ಸಾಕು, ಸಿಗದಿದ್ದರೆ ಹಾನಿಯಾಗಿದೆ ಎಂಬ ವಾಡಿಕೆ ಬೆಳೆಯಿತು. 1922ರಲ್ಲಿ ಬ್ರಾಡ್‌ಫರ್ಡ್ ನಗರಾಡಳಿತದ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಅವನ ಅಳತೆಯ ಸಾಕ್ಷ್ಯಕ್ಕೆ ಕೋರ್ಟು ಮನ್ನಣೆ ಕೊಟ್ಟಿತು. ಅವನ ಹೆಸರಿನ ನಕ್ಷೆಯನ್ನು ಲಂಡನ್ನಿನ ಸರ್ವೇಯರುಗಳು ಇಂದು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ.

ಅಂಕಿಯೇ ಗೆದ್ದಿತಲ್ಲ, ಮಾತಿನ ಕಾಲ ಮುಗಿಯಿತಲ್ಲ ಎಂದು ಇಲ್ಲಿ ಯಾರಾದರೂ ಹೇಳಿದರೆ ಆ 0.2 ಎಲ್ಲಿಂದ ಬಂತು ಎಂದು ತಿರುಗಿ ಕೇಳಬೇಕಾಗುತ್ತದೆ. ಭೌತಶಾಸ್ತ್ರದಲ್ಲಿ ಅದಕ್ಕೆ ಯಾವ ವಿಶೇಷ ಸ್ಥಾನವೂ ಇಲ್ಲ. ಒಂದು ಕಾಲದ ಕೆಲವು ಮಂದಿ ಗೊಣಗಿದ ಜಾಗವೇ ಅದು, ದಶಮಾಂಶದ ಉಡುಪು ತೊಟ್ಟು ನಿಂತಿದೆ. ವಾಲ್ಡ್ರಮ್ ಕ್ರಮವನ್ನು ಇತ್ತೀಚಿನ ದಶಕಗಳಲ್ಲಿ ಟೀಕಿಸಿದವರು ಎತ್ತಿ ತೋರಿಸಿದ್ದೂ ಇದನ್ನೇ. ಇಂದಿನ ಕಚೇರಿಗಳಲ್ಲಿ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರಬೇಕೆನ್ನುತ್ತಾರೆ, 10 ಲಕ್ಸ್‌ನಲ್ಲಿ ಯಾರೂ ಫೈಲು ಓದಲು ಒಪ್ಪರು. ಅಂದರೆ ಗೊಣಗುವ ಜಾಗ ಕಿಟಕಿಯ ಕಡೆಗೆ ಸರಿದಿದೆ, ಅಂಕಿ ಮಾತ್ರ ಹಳೆಯ ಜಾಗದಲ್ಲೇ ಕುಳಿತಿದೆ. ಕೋರ್ಟುಗಳಿಗೂ ಇದು ಗೊತ್ತು. 1967ರ ಔ ವಿರುದ್ಧ ಕಿಂಗ್ ಪ್ರಕರಣದಲ್ಲಿ ನ್ಯಾಯಾಧೀಶರು ತಾವೇ ಹೋಗಿ ಕೋಣೆಯಲ್ಲಿ ನಿಂತು ನೋಡಿದರು. ಅರ್ಧ ಕೋಣೆಯ ಸೂತ್ರಕ್ಕೆ ಕಟ್ಟುಬೀಳಬೇಕಿಲ್ಲ, ಜನರ ನಿರೀಕ್ಷೆ ಏರಿರುವುದನ್ನೂ ಗಮನಿಸಬಹುದು ಎಂದು ಮೇಲ್ಮನವಿ ನ್ಯಾಯಾಲಯ ಅವರ ತೀರ್ಪನ್ನು ಎತ್ತಿಹಿಡಿಯಿತು. 1979ರ ಆಲನ್ ವಿರುದ್ಧ ಗ್ರೀನ್‌ವುಡ್ ಪ್ರಕರಣ ಇನ್ನೂ ರಸವತ್ತಾದದ್ದು. ಹಿತ್ತಲಿನ ಗಾಜಿನ ಮನೆಗೆ ಒತ್ತಿಕೊಂಡು ಪಕ್ಕದವರು ಕ್ಯಾರವಾನ್ ನಿಲ್ಲಿಸಿದರು, ಬೇಲಿ ಎಬ್ಬಿಸಿದರು. ಒಳಗೆ ಕುಳಿತು ಓದಲು ಬೇಕಾದಷ್ಟು ಬೆಳಕಿದೆಯಲ್ಲ ಎಂಬುದು ಅವರ ವಾದ. ಗಾಜಿನ ಮನೆ ಇರುವುದು ಓದುವುದಕ್ಕಲ್ಲ, ಗಿಡ ಬೆಳೆಯುವುದಕ್ಕೆ. ಅದಕ್ಕೆ ಬೇಕಾದಷ್ಟು ಬೆಳಕಿನ ಹಕ್ಕು ಇದೆ ಎಂದು ಕೋರ್ಟು ತೀರ್ಪಿತ್ತಿತು.

ಕೋರ್ಟಿನ ಹೊರಗೂ ಇದೇ ನಡೆಯುತ್ತದೆ ಎಂಬುದಕ್ಕೆ ನಮಗೆಲ್ಲ ಗೊತ್ತಿರುವ ಉದಾಹರಣೆ ಕ್ರಿಕೆಟ್. ‘ಬ್ಯಾಡ್ ಲೈಟ್’ ಎಂಬ ಮಾತನ್ನು ಕನ್ನಡದ ವೀಕ್ಷಕ ವಿವರಣೆಯೂ ಹಾಗೆಯೇ ಉಳಿಸಿಕೊಂಡಿದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 2010ರವರೆಗೆ ಬೆಳಕು ಇಳಿದಾಗ ಆಡುತ್ತೀರಾ ಬಿಡುತ್ತೀರಾ ಎಂದು ಅಂಪೈರುಗಳು ಬ್ಯಾಟ್ಸ್‌ಮನ್ನರನ್ನೇ ಕೇಳುವ ಪದ್ಧತಿಯಿತ್ತು, ಈಗ ತೀರ್ಮಾನ ಅಂಪೈರುಗಳದ್ದೇ. ಅವರ ಜೇಬಿನಲ್ಲಿ ಮಾಪಕವಿದೆ. ಆದರೆ ಇಂತಿಷ್ಟು ಲಕ್ಸ್‌ಗಿಂತ ಕಡಿಮೆಯಾದರೆ ಆಟ ನಿಲ್ಲಿಸಿ ಎಂಬ ಜಾಗತಿಕ ಅಂಕಿಯೊಂದಿಲ್ಲ. ಆಟ ಅಪಾಯಕರವಾಗಿದೆಯೇ ಎಂದು ಅಂಪೈರುಗಳು ಮೊದಲು ಕಣ್ಣಳತೆಯಲ್ಲಿ ನಿರ್ಧರಿಸುತ್ತಾರೆ, ಆ ಗಳಿಗೆಯ ಮಾಪಕದ ಅಂಕಿಯನ್ನು ಬರೆದಿಟ್ಟುಕೊಂಡು ಉಳಿದ ಪಂದ್ಯಕ್ಕೆ ಅದನ್ನೇ ಮಟ್ಟವಾಗಿ ಬಳಸುತ್ತಾರೆ. ಯಂತ್ರದ ಕೆಲಸ ತೀರ್ಪು ಕೊಡುವುದಲ್ಲ, ಒಮ್ಮೆ ಕೊಟ್ಟ ತೀರ್ಪನ್ನು ಮರೆಯದಂತೆ ಕಾಯುವುದು.

ಇನ್ನು ಉಳಿದಿರುವುದು ಎಲ್ಲಕ್ಕಿಂತ ತೂಕದ ಆಕ್ಷೇಪ. ಕಣ್ಣೇ ಅಳತೆ ಎನ್ನುವುದಾದರೆ ಯಾರ ಕಣ್ಣು? 1563ರ ಕಾಯ್ದೆಯಲ್ಲಿ ಬೆಳಕು ಚಿಮ್ಮಿತು ಎಂದು ಹೇಳುವವನು ಯಜಮಾನ, ಪೆನ್ನಿ ಕಳೆದುಕೊಳ್ಳುವವನು ಆಳು. ‘ಸಾಮಾನ್ಯ ಜನ’ ಯಾರೆಂದು ಹೇಳುವವರು ಲಾರ್ಡ್‌ಗಳು. ಸಡಿಲ ಮಾತು ಬಲವಿದ್ದವನ ಕೈಯ ಆಯುಧವಾಗುತ್ತದೆ ಎಂಬುದನ್ನು ಒಪ್ಪಲೇಬೇಕು. ದುಡಿಮೆಯ ವಿಚಾರದಲ್ಲಿ ಗಡಿಯಾರದಿಂದ ದುಡಿಯುವವರಿಗೆ ಒಳ್ಳೆಯದೇ ಆಯಿತು. 1805ರ ಹೊತ್ತಿಗೆ ಸಾಲ್ಫರ್ಡಿನ ಫಿಲಿಪ್ಸ್ ಅಂಡ್ ಲೀ ಹತ್ತಿ ಗಿರಣಿಯಲ್ಲಿ ವಿಲಿಯಂ ಮರ್ಡಾಕ್ ಗ್ಯಾಸ್ ದೀಪ ಹೊತ್ತಿಸಿದ ಮೇಲೆ ಹಗಲಿನ ಬೆಳಕಿಗೆ ಕೆಲಸ ನಿಲ್ಲಿಸುವ ಶಕ್ತಿಯೇ ಉಳಿಯಲಿಲ್ಲ. ಇರುಳಾಯಿತು ಎಂಬುದು ಇನ್ನು ಬಿಡುಗಡೆಯ ಮಾತಲ್ಲ. ಆಗ 18 ವರ್ಷದೊಳಗಿನವರಿಗೆ ರಾತ್ರಿ 8.30ರಿಂದ ಬೆಳಿಗ್ಗೆ 5.30ರವರೆಗೆ ಗಿರಣಿ ಕೆಲಸ ಕೂಡದು ಎಂದು 1833ರ ಕಾಯ್ದೆ ಗಂಟೆ ಗೊತ್ತು ಮಾಡಿದ್ದು ಮಕ್ಕಳನ್ನು ಉಳಿಸಿತು. ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬದಲಾಗಿತ್ತು ಎಂಬುದನ್ನು ಗಮನಿಸಬೇಕು. ಗಿರಣಿಯ ಹುಡುಗನಿಗೆ ಕಾಣುತ್ತಿದೆಯೇ ಎಂಬುದು ಆಗ ವಿಷಯವಲ್ಲ, ಅವನಿಗೆ ನಿದ್ದೆ ಬೇಕೇ ಎಂಬುದು ವಿಷಯ. ನಿದ್ದೆಯನ್ನು ಗಂಟೆಯಲ್ಲಿ ಅಳೆಯಬಹುದು. ಪ್ರಶ್ನೆ ಬೆಳಕಿನದೇ ಆಗಿರುವ ಕಡೆ, ಉದಾಹರಣೆಗೆ ಕಿಟಕಿಯ ವ್ಯಾಜ್ಯದಲ್ಲಿ, ಮಾತಿನ ಅಳತೆ ಬಡವನಿಗೂ ಬಾಯಿ ಕೊಡುತ್ತದೆ. ತನ್ನ ಕೋಣೆಯಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಹೇಳಲು ಯಾವ ಪರಿಣತಿಯೂ ಬೇಕಿಲ್ಲ. ಅಳತೆ ನಕ್ಷೆಯಾದಾಗ ಅದನ್ನು ಬಿಡಿಸಬಲ್ಲ ಸರ್ವೇಯರಿಗೆ ಫೀಜು ಕೊಡುವ ಶಕ್ತಿಯಿದ್ದವನ ಮಾತೇ ನಡೆಯುತ್ತದೆ. ಬಲವಿದ್ದವನ ಕೈ ಮೇಲಾಗುವುದನ್ನು ಅಂಕಿಯೂ ತಡೆದಿಲ್ಲ.

ಈ ಕಾನೂನಿನ ಒಂದು ಕವಲು ನಮ್ಮಲ್ಲಿಗೂ ಬಂದಿದೆ. 1860ರ ಭಾರತೀಯ ದಂಡ ಸಂಹಿತೆ ಮುಖ ಕಾಣುವ ಮಾತನ್ನೂ ಬಿಟ್ಟಿತು, ಗಡಿಯಾರವನ್ನೂ ಬಿಟ್ಟಿತು. ರಾತ್ರಿ ಮನೆಗೆ ನುಗ್ಗುವ ಅಪರಾಧಕ್ಕೆ ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಎಂಬ ಗೆರೆ ಎಳೆಯಿತು, ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ನಮ್ಮ ಮುಸ್ಸಂಜೆ ಚಿಕ್ಕದಾದ್ದರಿಂದ ಇದರಿಂದ ಹೆಚ್ಚು ತೊಡಕಾಗುವುದಿಲ್ಲ. ಬೆಳಕಿನ ಹಕ್ಕು ಬಂದದ್ದು 1882ರ ಈಸ್ಮೆಂಟ್ ಕಾಯ್ದೆಯ ಮೂಲಕ. ಆ ಕಾಯ್ದೆ ಮೊದಲು ಜಾರಿಯಾದ ಪ್ರಾಂತಗಳ ಪಟ್ಟಿಯಲ್ಲಿ ಕೊಡಗಿನ ಹೆಸರು ನೇರವಾಗಿಯೇ ಇದೆ. ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೂ ಅದು ಅಂದೇ ಅನ್ವಯಿಸಿತು. 1891ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಸ್ತರಿಸಿದಾಗ ಧಾರವಾಡ, ಬೆಳಗಾವಿ, ವಿಜಯಪುರಗಳೂ ಅದರೊಳಗೆ ಬಂದವು. ಇಲ್ಲಿಯೂ 20 ವರ್ಷದ ಲೆಕ್ಕವೇ. ಒಂದು ವ್ಯತ್ಯಾಸವಿದೆ: ಆ ಅವಧಿಯಲ್ಲಿ ಕಿಟಕಿಗೆ ರೂಢಿಯಾಗಿ ಬರುತ್ತಿದ್ದ ಬೆಳಕಿನ ಪ್ರಮಾಣವೇ ಹಕ್ಕಿನ ವ್ಯಾಪ್ತಿ, ಆ ಕೋಣೆಯನ್ನು ಯಾವುದಕ್ಕೆ ಬಳಸುತ್ತಿದ್ದರು ಎಂಬುದು ಮುಖ್ಯವಲ್ಲ ಎಂದು ನಮ್ಮ ಕಾಯ್ದೆ ಹೇಳಿತು. ಕೇಳಲು ಇದು ಪ್ರಮಾಣದ ಲೆಕ್ಕ, ಆದರೆ ಪರಿಹಾರ ಸಿಗಲು ಹಾನಿ ಗಣನೀಯವಾಗಿರಬೇಕು ಎಂಬ ಷರತ್ತೂ ಜೊತೆಗಿದೆ. ಗಣನೀಯ ಎಂದರೆ ಎಷ್ಟು ಎಂಬಲ್ಲಿಗೆ ಬಂದಾಗ ಮತ್ತೆ ಒಳಗೆ ಕುಳಿತವನ ಅನುಕೂಲವನ್ನೇ ಕೇಳಬೇಕಾಗುತ್ತದೆ. ಕಾಯ್ದೆಯ ವ್ಯಾಪ್ತಿಗೆ ಹೊರಗಿದ್ದ ಕಲ್ಕತ್ತೆಯಿಂದ ಹೋದ ಪೌಲ್ ವಿರುದ್ಧ ರಾಬ್ಸನ್ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ 1914ರಲ್ಲಿ ಕೋಲ್ಸ್ ಸೂತ್ರವನ್ನೇ ಹಿಡಿಯಿತು.

ಇಂದು ನಮ್ಮ ನಗರಗಳಲ್ಲಿ ಈ ಹಕ್ಕಿನ ಹೆಸರೆತ್ತುವವರು ಕಡಿಮೆ, ಸೆಟ್‌ಬ್ಯಾಕ್ ಎಂಬ ಮಾತು ಮನೆ ಕಟ್ಟುವ ಪ್ರತಿಯೊಬ್ಬರಿಗೂ ಗೊತ್ತು. ನಿವೇಶನದ ಅಂಚಿನಿಂದ ಇಷ್ಟು ಜಾಗ ಬಿಡಬೇಕು ಎಂಬ ನಿಯಮ ಸುಲಭ, ಟೇಪು ಹಿಡಿದು ಯಾರಾದರೂ ಪರೀಕ್ಷಿಸಬಹುದು. ಅದನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಅದು ಜಾಗವನ್ನು ಅಳೆಯುತ್ತದೆ, ಬೆಳಕನ್ನಲ್ಲ. ನಿಯಮದಂತೆ ಜಾಗ ಬಿಟ್ಟು ನಾಲ್ಕಂತಸ್ತು ಎಬ್ಬಿಸಿದರೂ ಪಕ್ಕದ ಮನೆಯ ಅಡುಗೆಕೋಣೆಯಲ್ಲಿ ಮಟಮಟ ಮಧ್ಯಾಹ್ನ ದೀಪ ಹಾಕಬೇಕಾದೀತು, ಟೇಪಿನ ಪ್ರಕಾರ ಅಲ್ಲಿ ಯಾವ ತಪ್ಪೂ ನಡೆದಿರುವುದಿಲ್ಲ. ಕಿಟಕಿ ತೆರಿಗೆಯ ಅಧಿಕಾರಿ ಬೀದಿಯಲ್ಲಿ ನಿಂತು ಮಾಡಿದ್ದೂ ಇಂಥದೇ ಎಣಿಕೆ. ಎಣಿಸುವುದಕ್ಕೆ ಸುಲಭವಾದುದನ್ನು ಎಣಿಸಿದರೆ ವ್ಯಾಜ್ಯ ಬೇಗ ಮುಗಿಯುತ್ತದೆ ಎಂಬುದು ನಿಜ, ಅನ್ಯಾಯವೂ ಅದರೊಂದಿಗೆ ಮುಗಿಯುತ್ತದೆ ಎಂದು ಹೇಳಲಾಗದು. ಅಳತೆಗೆ ಅಂಕಿ ಇರಲಿ. ಆ ಅಂಕಿಯನ್ನು ಯಾರ ಕಣ್ಣಿಗಾಗಿ, ಯಾವ ಕೆಲಸಕ್ಕಾಗಿ ಗೊತ್ತು ಮಾಡಲಾಯಿತು ಎಂಬುದನ್ನು ನಿಯಮದಲ್ಲೇ ಬರೆದಿಡಬೇಕು, ಕಾಲಕಾಲಕ್ಕೆ ಒಳಗೆ ಕುಳಿತವರನ್ನು ಕೇಳಿ ಅದನ್ನು ತಿದ್ದಬೇಕು. ಆರು ಶತಮಾನ ಬೆಳಕಿಗಾಗಿ ಜಗಳವಾಡಿದ ಇಂಗ್ಲೆಂಡಿನಿಂದ ನಮ್ಮ ನಗರಗಳು ಎರವಲು ತರಬೇಕಾದದ್ದು ಆ 0.2 ಅಲ್ಲ, ಈ ಕೇಳುವ ಅಭ್ಯಾಸ.